ನಂಬಿಕೆಯ ಮನೆಯಲ್ಲಿ ಯಾರು ಯಾರಿಗೆ ಸಹೋದರರು? ಜಾತಿ ಸಮೀಕ್ಷೆ ನಮ್ಮ ಮುಂದಿಟ್ಟ ಪ್ರಶ್ನೆ



ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗವು 2025ರ ಸೆಪ್ಟೆಂಬರ್ 22ರಂದು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯನ್ನು ಆರಂಭಿಸಿದಾಗ ಎದ್ದ ಗದ್ದಲ ನಿಮ್ಮ ನೆನಪಿನಲ್ಲಿರಬಹುದು. ಜಾತಿಗಳ ಪಟ್ಟಿಯಲ್ಲಿ 'ಒಕ್ಕಲಿಗ ಕ್ರಿಶ್ಚಿಯನ್', 'ಕುರುಬ ಕ್ರಿಶ್ಚಿಯನ್', 'ಬ್ರಾಹ್ಮಣ ಕ್ರಿಶ್ಚಿಯನ್' ಮುಂತಾದ ಹೆಸರುಗಳು ಕಾಣಿಸಿಕೊಂಡವು. ಇದು ಮತಾಂತರಕ್ಕೆ ಪ್ರೋತ್ಸಾಹ ಎಂದು ಕೆಲವರು, ಹಿಂದೂ ಸಮಾಜವನ್ನು ಒಡೆಯುವ ತಂತ್ರ ಎಂದು ಇನ್ನು ಕೆಲವರು ಆಕ್ಷೇಪಿಸಿದರು. ರಾಜ್ಯಪಾಲರು ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಕೊನೆಗೆ ಆಯೋಗವು ಇಂಥ 33 ಹೆಸರುಗಳನ್ನು ಗಣತಿದಾರರ ಆ್ಯಪ್‌ನಲ್ಲಿ ಕಾಣಿಸದಂತೆ ಮಾಡಿತು; ಯಾರಾದರೂ ತಾವಾಗಿಯೇ ಹೇಳಿದರೆ ದಾಖಲಿಸುವ ಅವಕಾಶವನ್ನು ಉಳಿಸಿತು. ಸೆಪ್ಟೆಂಬರ್ 25ರಂದು ಹೈಕೋರ್ಟ್ ಸಮೀಕ್ಷೆಗೆ ತಡೆ ನೀಡಲು ನಿರಾಕರಿಸಿ, ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು ಎಂದು ಸ್ಪಷ್ಟಪಡಿಸಿತು.

ರಾಜಕೀಯ ಪಕ್ಷಗಳು ಮಾತನಾಡಿದವು. ಜಾತಿ ಸಂಘಗಳು ಮಾತನಾಡಿದವು. ಟಿ.ವಿ. ವಾಹಿನಿಗಳಲ್ಲಿ ದಿನಗಟ್ಟಲೆ ಚರ್ಚೆ ನಡೆಯಿತು. ಕ್ರೈಸ್ತರಾದ ನಮ್ಮಲ್ಲಿಯೂ ಅನೇಕರು ಒಂದು ಸಿದ್ಧ ಉತ್ತರವನ್ನು ಕೊಟ್ಟು ಸುಮ್ಮನಾದರು: 'ನಮ್ಮಲ್ಲಿ ಜಾತಿ ಇಲ್ಲ. ನಾವೆಲ್ಲರೂ ಕ್ರಿಸ್ತನಲ್ಲಿ ಸಹೋದರರು.' ಧರ್ಮಶಾಸ್ತ್ರದ ದೃಷ್ಟಿಯಿಂದ ಈ ಉತ್ತರದಲ್ಲಿ ತಪ್ಪಿಲ್ಲ. ದೀಕ್ಷಾಸ್ನಾನದ ನೀರಿನಲ್ಲಿ ಮೇಲುಕೀಳು ತೊಳೆದುಹೋಗುತ್ತದೆ ಎಂದೇ ಧರ್ಮಸಭೆ ಬೋಧಿಸುತ್ತದೆ. ಆದರೆ ಈ ಮಾತನ್ನು ಹೇಳುವವರು ಯಾರು, ಯಾವ ಸ್ಥಾನದಲ್ಲಿ ನಿಂತು ಹೇಳುತ್ತಿದ್ದಾರೆ ಎಂಬುದೂ ಮುಖ್ಯ. ಕೇಂದ್ರ ಸರಕಾರ ನಡೆಸುವ 2027ರ ಜನಗಣತಿಯಲ್ಲಿಯೂ ಜಾತಿಯ ಎಣಿಕೆ ಸೇರಿದೆ. 1931ರ ನಂತರ ದೇಶದ ಜನಗಣತಿಯಲ್ಲಿ ಎಲ್ಲ ಜಾತಿಗಳನ್ನು ಎಣಿಸುವುದು ಇದೇ ಮೊದಲು. ಆದ್ದರಿಂದ ಈ ಪ್ರಶ್ನೆ ನಮ್ಮ ಬಾಗಿಲಿಗೆ ಒಂದು ಸಲ ಬಂದು ಹೋಗುವಂಥದ್ದಲ್ಲ.

ಬೆಸಗರಹಳ್ಳಿಯ ಕಡೆಯಿಂದ ನೋಡಿದರೆ

ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಬೆಸಗರಹಳ್ಳಿ ಎಂದೊಡನೆ ಕನ್ನಡ ಸಾಹಿತ್ಯ ಬಲ್ಲವರಿಗೆ ಡಾ. ಬೆಸಗರಹಳ್ಳಿ ರಾಮಣ್ಣನವರು ನೆನಪಾಗುತ್ತಾರೆ. ವೃತ್ತಿಯಿಂದ ವೈದ್ಯರಾಗಿದ್ದ ಅವರು ಆ ಸೀಮೆಯ ರೈತರ, ಕೂಲಿಕಾರರ, ದಿಕ್ಕಿಲ್ಲದವರ ಬದುಕನ್ನು ಆ ನೆಲದ ಮಾತಿನಲ್ಲಿಯೇ ಕತೆಯಾಗಿಸಿದರು. ಕಬ್ಬು, ಭತ್ತ, ರಾಗಿ ಬೆಳೆಯುವ, ಆಲೆಮನೆಗಳಿರುವ ಈ ಬಯಲು ಸೀಮೆಯಲ್ಲಿ ಕ್ರೈಸ್ತರು ಬೆರಳೆಣಿಕೆಯಷ್ಟು. 2011ರ ಜನಗಣತಿಯ ಪ್ರಕಾರ ಮಂಡ್ಯ ಜಿಲ್ಲೆಯ ಜನಸಂಖ್ಯೆ 18 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ. ಅದೇ ವರ್ಷ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕ್ರೈಸ್ತರ ಪ್ರಮಾಣ ಶೇಕಡಾ 8ಕ್ಕಿಂತ ಹೆಚ್ಚಿತ್ತು. ಇಡೀ ರಾಜ್ಯದಲ್ಲಿ ಶೇಕಡಾ 1.87.

ಈ ಅಂಕಿಗಳ ಹಿಂದೆ ಎರಡು ಬಗೆಯ ಕ್ರೈಸ್ತ ಬದುಕುಗಳಿವೆ. ಕರಾವಳಿಯಲ್ಲಿ ನಮಗೆ ನಡೆದು ಹೋಗುವಷ್ಟು ದೂರದಲ್ಲಿ ಚರ್ಚ್ ಇದೆ, ಅದರ ಮಗ್ಗುಲಲ್ಲಿ ಶಾಲೆ ಇದೆ, ವಾಳೆಯ ಗುರಿಕಾರರಿದ್ದಾರೆ, ಕಥೊಲಿಕ್ ಸಭೆಯಿದೆ, ಯುವಜನರ ಸಂಘಟನೆಯಿದೆ, ಸತ್ತರೆ ಹೂಳಲು ಸಿಮಿತ್ರಿಯಿದೆ. ಮನೆಯಲ್ಲಿ ಮದುವೆಯಾದರೂ ಮರಣವಾದರೂ ನೂರು ಜನ ಸೇರುತ್ತಾರೆ. ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಒಂದೆರಡು ಕ್ರೈಸ್ತ ಮನೆಗಳಿವೆ ಎಂದುಕೊಳ್ಳಿ. ಅವರಿಗೆ ಭಾನುವಾರದ ಬಲಿಪೂಜೆಗೆ ಬಸ್ಸು ಹಿಡಿಯಬೇಕು. ಮಕ್ಕಳ ಧರ್ಮೋಪದೇಶಕ್ಕೆ ಯಾರಾದರೂ ಬಂದರೆ ಉಂಟು, ಇಲ್ಲವಾದರೆ ಇಲ್ಲ. ಮಗಳಿಗೆ ಗಂಡು ಹುಡುಕುವುದು, ಶವವನ್ನು ಎಲ್ಲಿ ಹೂಳುವುದು, ಊರ ಹಬ್ಬಕ್ಕೆ ವಂತಿಗೆ ಕೊಡಬೇಕೋ ಬೇಡವೋ ಎಂಬ ಪ್ರತಿಯೊಂದೂ ಅವರಿಗೆ ಒಂಟಿಯಾಗಿ ಬಿಡಿಸಬೇಕಾದ ಒಗಟು. ಇಂಥ ಮನೆಯ ಬಾಗಿಲಿಗೆ ಗಣತಿದಾರರು ಬಂದು 'ನಿಮ್ಮ ಧರ್ಮ ಯಾವುದು? ಜಾತಿ ಯಾವುದು?' ಎಂದು ಕೇಳುವಾಗ, ಅಕ್ಕಪಕ್ಕದವರೆಲ್ಲ ಕಿವಿಗೊಟ್ಟು ನಿಂತಿರುವಾಗ, ಕೊಡುವ ಉತ್ತರಕ್ಕೆ ಬೇರೆಯೇ ತೂಕವಿದೆ.

ಈ ಭಯ ಕಲ್ಪನೆಯದ್ದಲ್ಲ. 2021ರ ಡಿಸೆಂಬರ್ 23ರಂದು ಇದೇ ಜಿಲ್ಲೆಯ ಪಾಂಡವಪುರದ ನಿರ್ಮಲ ಶಾಲೆಗೆ ಒಂದು ಗುಂಪು ನುಗ್ಗಿ ಕ್ರಿಸ್ಮಸ್ ಆಚರಣೆಯನ್ನು ಪ್ರಶ್ನಿಸಿತ್ತು. ಅದೇ ದಿನ ಬೆಳಗಾವಿಯಲ್ಲಿ ವಿಧಾನಸಭೆಯು ಮತಾಂತರ ನಿಷೇಧ ಮಸೂದೆಗೆ ಒಪ್ಪಿಗೆ ನೀಡಿತು. 2022ರಲ್ಲಿ ಅದು ಕಾಯಿದೆಯೂ ಆಯಿತು. 2023ರ ಜೂನ್ ತಿಂಗಳಲ್ಲಿ ಹೊಸ ಸರಕಾರದ ಸಚಿವ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತಾದರೂ ಹಳ್ಳಿಯ ಒಂಟಿ ಕ್ರೈಸ್ತನ ಎದೆಯಲ್ಲಿ ಕುಳಿತ ಅಂಜಿಕೆಯನ್ನು ಸಂಪುಟದ ನಿರ್ಣಯ ತೆಗೆದುಹಾಕಲಾರದು.

ಒಂದೇ ಸಾಲು, ಬೇರೆ ಬೇರೆ ಬದುಕು

ಈಗ ಕಾಗದದ ಮೇಲಿನ ವಿಚಾರಕ್ಕೆ ಬರೋಣ. ಕರ್ನಾಟಕದ ಮೀಸಲಾತಿ ವ್ಯವಸ್ಥೆಯಲ್ಲಿ 'ಕ್ರಿಶ್ಚಿಯನ್' ಎಂಬುದು ಪ್ರವರ್ಗ 3ಬಿಯಲ್ಲಿ ಇದೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತ ಧರ್ಮಕ್ಕೆ ಬಂದವರು ಪ್ರವರ್ಗ 1ರಲ್ಲಿ ಬರುತ್ತಾರೆ. ಪ್ರವರ್ಗ 1ಕ್ಕೆ ಆದಾಯದ ಮಿತಿ ಅನ್ವಯಿಸುವುದಿಲ್ಲ, 3ಬಿಗೆ ಅನ್ವಯಿಸುತ್ತದೆ. ಅಂದರೆ ಮದ್ದೂರಿನ ದಲಿತ ಕ್ರೈಸ್ತ ಕುಟುಂಬವೊಂದು ಬರೇ 'ಕ್ರಿಶ್ಚಿಯನ್' ಎಂದು ಬರೆಸಿದರೆ, ಮೂರು ತಲೆಮಾರುಗಳಿಂದ ಕಾಲೇಜು ಕಂಡ, ಕೊಲ್ಲಿ ರಾಷ್ಟ್ರದ ದುಡಿಮೆಯಿಂದ ಮನೆ ಕಟ್ಟಿದ ಕರಾವಳಿಯ ಕುಟುಂಬದೊಂದಿಗೆ ಅದು ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ನೋಡಲು ಇದು ಸಮಾನತೆ. ಆದರೆ ಸೀಟು ಹಂಚುವ ದಿನ ಸಾಲಿನ ಮುಂದೆ ಯಾರಿರುತ್ತಾರೆ ಎಂಬುದನ್ನು ವಿವರಿಸಬೇಕಾಗಿಲ್ಲ.

'ನಮ್ಮಲ್ಲಿ ಜಾತಿ ಇಲ್ಲ' ಎಂಬ ನಮ್ಮ ಮಾತು ಆ ಬಡ ಸಹೋದರನ ಪಾಲಿಗೆ ಇಂಥ ನಷ್ಟವನ್ನು ತರಬಹುದು. ಆತ ತನ್ನ ಮೂಲ ಜಾತಿಯನ್ನು ಹೇಳಿದರೆ ವಿಶ್ವಾಸದಲ್ಲಿ ದುರ್ಬಲನೆಂದು ನಾವು ಭಾವಿಸಬಾರದು. ಆತನು ಹೇಳುತ್ತಿರುವುದು ತಾನು ಎಲ್ಲಿಂದ ಬಂದೆ, ಯಾವ ಹೊರೆಯನ್ನು ಹೊತ್ತು ಬಂದೆ ಎಂಬ ಸತ್ಯವನ್ನು.

ಕೇಂದ್ರದ ಮಟ್ಟದಲ್ಲಿ ಪರಿಸ್ಥಿತಿ ಇನ್ನೂ ಕಠಿಣ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ ಮಾತ್ರ ದೊರೆಯಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ದಲಿತ ಕ್ರೈಸ್ತರೂ ದಲಿತ ಮುಸ್ಲಿಮರೂ ಹೊರಗೇ ಉಳಿದರು. ನ್ಯಾಯಮೂರ್ತಿ ರಂಗನಾಥ ಮಿಶ್ರಾ ಆಯೋಗವು 2007ರಲ್ಲಿ ಈ ಸ್ಥಾನಮಾನವನ್ನು ಧರ್ಮದಿಂದ ಬೇರ್ಪಡಿಸಬೇಕೆಂದು ಶಿಫಾರಸು ಮಾಡಿತು. 2022ರ ಅಕ್ಟೋಬರ್‌ನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಕಗೊಂಡಿತು. ಅದರ ಅವಧಿಯನ್ನು ಒಂದಕ್ಕಿಂತ ಹೆಚ್ಚು ಸಲ ವಿಸ್ತರಿಸಲಾಗಿದೆ.

ಇಲ್ಲಿ ಪ್ರತಿಯೊಬ್ಬ ಕ್ರೈಸ್ತನೂ ತಿಳಿದಿರಬೇಕಾದ ಒಂದು ಮೊಕದ್ದಮೆಯಿದೆ. ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬವರು ಆದಿ ದ್ರಾವಿಡ ಸಮುದಾಯದಿಂದ ಕ್ರೈಸ್ತರಾದವರು. ಚಪ್ಪಲಿ ಹೊಲಿಯುವವರಿಗೆ ಸರಕಾರ ಉಚಿತವಾಗಿ ಕೊಟ್ಟ ಪೆಟ್ಟಿಗೆ ಅಂಗಡಿ ಅವರಿಗೆ ಸಿಗಲಿಲ್ಲ, ಏಕೆಂದರೆ ಅವರು ಕ್ರೈಸ್ತರಾಗಿದ್ದರು. 1985ರಲ್ಲಿ ಸುಪ್ರೀಂ ಕೋರ್ಟು ಅವರ ಅರ್ಜಿಯನ್ನು ತಿರಸ್ಕರಿಸಿತು. ಜಾತಿಯಿಂದ ಬಂದ ಕಷ್ಟಗಳು ಹೊಸ ಧರ್ಮದಲ್ಲಿಯೂ ಅಷ್ಟೇ ತೀವ್ರವಾಗಿ ಮುಂದುವರಿದಿವೆ ಎಂಬುದಕ್ಕೆ ಸಾಕಷ್ಟು ಆಧಾರ ಬೇಕು ಎಂಬುದು ಆ ತೀರ್ಪಿನ ತಿರುಳು.

ಇದರ ಅರ್ಥವನ್ನು ಸ್ವಲ್ಪ ಯೋಚಿಸಿ ನೋಡೋಣ. ಒಬ್ಬ ದಲಿತ ಕ್ರೈಸ್ತನು ದೇಶದ ನ್ಯಾಯಾಲಯದಲ್ಲಿ ತನ್ನ ಹಕ್ಕನ್ನು ಪಡೆಯಬೇಕಾದರೆ, ತನ್ನ ಸ್ವಂತ ಧರ್ಮಸಭೆಯಲ್ಲಿ ತನಗೆ ಸಹೋದರ ಪ್ರೀತಿ ದೊರಕಿಲ್ಲ ಎಂದು ಸಾಬೀತುಪಡಿಸಬೇಕು. ನಾವು ಜಾತಿಯನ್ನು ಅಲ್ಲಗಳೆದರೆ ಆತನ ವಾದ ಬೀಳುತ್ತದೆ. ಒಪ್ಪಿಕೊಂಡರೆ ನಮ್ಮ ಬೋಧನೆಗೆ ಕಳಂಕ ತಟ್ಟುತ್ತದೆ. ಈ ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದಿರುವುದು ಆತನಲ್ಲ, ನಾವು. ಭಾರತದ ಕಥೊಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರ್ 13ರಂದು ಪ್ರಕಟಿಸಿದ ದಲಿತ ಸಬಲೀಕರಣ ನೀತಿಯಲ್ಲಿ ಜಾತಿ ಭೇದವನ್ನು ಗಂಭೀರವಾದ ಸಾಮಾಜಿಕ ಪಾಪವೆಂದು ಕರೆದು, ಅದು ಧರ್ಮಸಭೆಯ ಒಳಗೂ ಇದೆ ಎಂದು ತೆರೆದ ಮನಸ್ಸಿನಿಂದ ಒಪ್ಪಿಕೊಂಡಿತು. ಧರ್ಮಾಧ್ಯಕ್ಷರು ಒಪ್ಪಿದ್ದನ್ನು ನಮ್ಮ ಧರ್ಮಕೇಂದ್ರಗಳು ಒಪ್ಪಲು ಹಿಂಜರಿಯಬೇಕಾಗಿಲ್ಲ.

ಕರಾವಳಿಯವರಾದ ನಾವು 'ಅದು ಘಟ್ಟದ ಮೇಲಿನ ಸಮಸ್ಯೆ, ತಮಿಳುನಾಡಿನ ಸಮಸ್ಯೆ' ಎಂದು ಹೇಳಿ ಪಾರಾಗುವಂತಿಲ್ಲ. ಬಾಮಣ್, ಚಾರಡಿ, ಶೂದಿರ್ ಎಂಬ ಮಾತುಗಳು ಹಿರಿಯರ ನಾಲಗೆಯಿಂದ ಇನ್ನೂ ಪೂರ್ತಿ ಇಳಿದಿಲ್ಲ. ಸಂಬಂಧ ನೋಡುವಾಗ ಮಧ್ಯಸ್ಥರು ಮೆಲ್ಲಗೆ ವಿಚಾರಿಸುವುದು ಏನನ್ನು ಎಂಬುದು ಪ್ರತಿ ಮನೆಗೂ ಗೊತ್ತಿದೆ.

ಶ್ರೀರಂಗಪಟ್ಟಣದ ಋಣ

ಮಂಡ್ಯದ ಕ್ರೈಸ್ತರಿಗೂ ಮಂಗಳೂರಿನ ಕ್ರೈಸ್ತರಿಗೂ ಏನು ಸಂಬಂಧ ಎಂದು ಕೇಳುವವರಿಗೆ ಇತಿಹಾಸವೇ ಉತ್ತರ ಕೊಡುತ್ತದೆ. 1784ರ ಫೆಬ್ರವರಿ ತಿಂಗಳ ವಿಭೂತಿ ಬುಧವಾರ ಕೆನರಾದ ಕ್ರೈಸ್ತರ ಬಂಧನ ಆರಂಭವಾಯಿತೆಂದು ನಮ್ಮ ಪರಂಪರೆ ಹೇಳುತ್ತದೆ. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. 30 ಸಾವಿರದಿಂದ 80 ಸಾವಿರದವರೆಗೆ ಬೇರೆ ಬೇರೆ ಲೆಕ್ಕಗಳಿವೆ. ಅವರನ್ನು ಘಟ್ಟ ಹತ್ತಿಸಿ ನಡೆಸಿಕೊಂಡು ಹೋದದ್ದು ಶ್ರೀರಂಗಪಟ್ಟಣಕ್ಕೆ, ಅಂದರೆ ಇಂದಿನ ಮಂಡ್ಯ ಜಿಲ್ಲೆಗೆ. 1799ರ ಮೇ 4ರಂದು ಟಿಪ್ಪು ಸುಲ್ತಾನನು ಮಡಿದ ನಂತರ ಅವರಲ್ಲಿ ಒಂದು ಭಾಗ ಮಾತ್ರ ಮರಳಿ ಬಂದಿತು. ಉಳಿದವರ ಮೂಳೆಗಳು ಆ ಮಣ್ಣಿನಲ್ಲಿಯೇ ಇವೆ.

ಈ ಕತೆಯನ್ನು ನಾವು ಹೆಚ್ಚಾಗಿ ನೋವಿನ ಕತೆಯಾಗಿ ಮಾತ್ರ ನೆನೆಯುತ್ತೇವೆ. ಆ ನಾಡಿನಲ್ಲಿ ನಮಗಿಂತ ಮೊದಲೇ ಕನ್ನಡ ಮಾತನಾಡುವ ಕ್ರೈಸ್ತರಿದ್ದರು ಎಂಬುದನ್ನು ಮರೆಯುತ್ತೇವೆ. ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಗುರುಗಳು 17ನೇ ಶತಮಾನದ ನಡುವಿನಲ್ಲಿಯೇ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಶನ್ ಆರಂಭಿಸಿ, ಕನ್ನಡ ಕಲಿತು, ಆ ಭಾಷೆಯಲ್ಲಿಯೇ ಬೋಧಿಸಿದ್ದರು. ಟಿಪ್ಪುವಿನ ಪತನದ ನಂತರ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಫ್ರಾನ್ಸಿನ ಆಬೆ ದ್ಯುಬುವಾ. ಬಲವಂತಕ್ಕೆ ಒಳಗಾಗಿ ನಂಬಿಕೆಯನ್ನು ಬಿಟ್ಟಿದ್ದವರನ್ನು ಅವರು ಮತ್ತೆ ಮನೆಯೊಳಗೆ ಬರಮಾಡಿಕೊಂಡರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ಶ್ರಮಿಸಿದರು. ಗಂಜಾಂನ ಚರ್ಚನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಯಾರು ಶುದ್ಧರಾಗಿ ಉಳಿದರು, ಯಾರು ಸೋತರು ಎಂದು ತೂಗಿ ನೋಡುವುದಕ್ಕಿಂತ ಸೋತವರ ಕೈ ಹಿಡಿಯುವುದೇ ಆ ಕಾಲದ ತುರ್ತಾಗಿತ್ತು.

ಇಂದೂ ಹಳ್ಳಿಗಳಲ್ಲಿ ಹೃದಯದಲ್ಲಿ ಕ್ರಿಸ್ತನನ್ನಿಟ್ಟುಕೊಂಡು, ದಾಖಲೆಯಲ್ಲಿ ಹಳೆಯ ಹೆಸರನ್ನೇ ಉಳಿಸಿಕೊಂಡು ಬದುಕುವವರಿದ್ದಾರೆ. ಒಂದು ಪ್ರಮಾಣಪತ್ರ ಕೈತಪ್ಪಿದರೆ ಮಗಳ ವಿದ್ಯಾರ್ಥಿ ವೇತನ ಹೋಗುತ್ತದೆ, ಹಾಸ್ಟೆಲ್ ಸೀಟು ಹೋಗುತ್ತದೆ. ಇಂಥವರನ್ನು 'ಸೌಲಭ್ಯಕ್ಕಾಗಿ ಬಂದವರು' ಎಂದೋ 'ಅರ್ಧ ಕ್ರೈಸ್ತರು' ಎಂದೋ ಹೀಯಾಳಿಸುವುದು ಸುಲಭ. ಸೆರೆಯಿಂದ ಮರಳಿ ಬಂದವರ ಮೊಮ್ಮಕ್ಕಳಾದ ನಮಗೆ ಆ ಹೀಯಾಳಿಕೆ ಶೋಭಿಸುವುದಿಲ್ಲ.

ಒಂದೇ ಜಿಲ್ಲೆ, ಎರಡು ಧರ್ಮಪ್ರಾಂತ್ಯ

ಮಂಡ್ಯ ಜಿಲ್ಲೆಗೆ ಇನ್ನೊಂದು ವಿಶೇಷವಿದೆ. ಲತೀನ್ ವಿಧಿಯ ಕಥೊಲಿಕರು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದವರು. 2010ರ ಜನವರಿ 18ರಂದು ಮಾನಂತವಾಡಿಯಿಂದ ಬೇರ್ಪಡಿಸಿ ಸಿರೋ ಮಲಬಾರ್ ವಿಧಿಯ ಮಂಡ್ಯ ಧರ್ಮಪ್ರಾಂತ್ಯವನ್ನು ಸ್ಥಾಪಿಸಲಾಯಿತು. ಹೀಗೆ ಒಂದೇ ಊರಿನಲ್ಲಿ ಇಬ್ಬರು ಧರ್ಮಾಧ್ಯಕ್ಷರ ಅಧೀನದಲ್ಲಿರುವ ಎರಡು ಕುಟುಂಬಗಳು ಇರಬಹುದು. ಒಂದರ ಮನೆಮಾತು ಕನ್ನಡ ಅಥವಾ ತಮಿಳು, ಇನ್ನೊಂದರದ್ದು ಮಲಯಾಳ. ವಿಶ್ವಗುರು ಫ್ರಾನ್ಸಿಸ್ ಅವರು 2017ರ ಅಕ್ಟೋಬರ್‌ನಲ್ಲಿ ಭಾರತದ ಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ, ಒಂದೇ ಪ್ರದೇಶದಲ್ಲಿ ಬೇರೆ ಬೇರೆ ವಿಧಿಗಳ ಅಧಿಕಾರ ವ್ಯಾಪ್ತಿ ಇರುವುದು ಸಮಸ್ಯೆಯಾಗಬೇಕಾಗಿಲ್ಲ ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದ್ದರು.

ಸಮಸ್ಯೆಯಾಗುವುದೋ ಸಂಪತ್ತಾಗುವುದೋ ಎಂಬುದು ತಳಮಟ್ಟದ ನಡವಳಿಕೆಯನ್ನು ಅವಲಂಬಿಸಿದೆ. ನೂರಕ್ಕೆ ಒಬ್ಬರೂ ಇಲ್ಲದ ಕಡೆ ಇರುವವರೂ 'ಅವರ ಚರ್ಚ್, ನಮ್ಮ ಚರ್ಚ್' ಎಂದು ಬೆನ್ನು ತಿರುಗಿಸಿದರೆ ನಷ್ಟ ಎಲ್ಲರಿಗೂ. ಭಾಷೆಯ ವಿಷಯದಲ್ಲಿ ನಮ್ಮ ರಾಜ್ಯದ ಧರ್ಮಸಭೆ ಸಾಕಷ್ಟು ನೋವನ್ನು ಉಂಡಿದೆ. ಹೊರಗಿನವರು ಕಲ್ಲು ಹೊಡೆದಾಗ ನಾವು ಒಂದಾಗುತ್ತೇವೆ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಆರಾಧನಾ ಮಂದಿರದ ಮೇಲೆ ದಾಳಿ ನಡೆದಾಗ ಕೊಂಕಣಿ, ಕನ್ನಡ, ಮಲಯಾಳ ಎಂಬ ಭೇದ ಯಾರಿಗೂ ನೆನಪಾಗಲಿಲ್ಲ. ಶಾಂತಿಯ ದಿನಗಳಲ್ಲಿಯೂ ಆ ಒಗ್ಗಟ್ಟು ಉಳಿದರೆ ಮಾತ್ರ ಅದನ್ನು ಪ್ರೀತಿ ಎನ್ನಬಹುದು. ಇಲ್ಲವಾದರೆ ಅದು ಬರೇ ಭಯದ ಒಗ್ಗಟ್ಟು.

ಆದಿ ಸಭೆಯ ದಾರಿ

ಸಹೋದರ ಪ್ರೀತಿಯ ಬಗ್ಗೆ ಪವಿತ್ರ ಗ್ರಂಥ ಹೇಳುವುದು ಬರೇ ಮೃದು ಮಾತುಗಳನ್ನಲ್ಲ. ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯವನ್ನು ನೋಡಿ. ಗ್ರೀಕ್ ಮಾತನಾಡುವ ವಿಧವೆಯರಿಗೆ ದಿನದ ಊಟದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂಬ ದೂರು ಬಂತು. ಪ್ರೇಷಿತರು 'ನಮ್ಮಲ್ಲಿ ಭೇದವಿಲ್ಲ' ಎಂದು ದೂರನ್ನು ತಳ್ಳಿಹಾಕಲಿಲ್ಲ. ಏಳು ಜನರನ್ನು ಆರಿಸಿ ಹಂಚಿಕೆಯ ಹೊಣೆಯನ್ನು ಅವರಿಗೆ ಒಪ್ಪಿಸಿದರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ದೂರಿದವರ ಕಡೆಯವರ ಕೈಗೇ ಪಾತ್ರೆಯನ್ನೂ ಸೌಟನ್ನೂ ಕೊಡಲಾಯಿತು. ನಮ್ಮ ಪಾಲನಾ ಪರಿಷತ್ತುಗಳಲ್ಲಿ, ಶಾಲಾ ಆಡಳಿತ ಮಂಡಳಿಗಳಲ್ಲಿ ಸೌಟು ಯಾರ ಕೈಯಲ್ಲಿದೆ ಎಂದು ಲೆಕ್ಕ ಹಾಕಿ ನೋಡಬಹುದು.

ಸಂತ ಪೌಲರು ಫಿಲೆಮೋನನಿಗೆ ಬರೆದ ಪುಟ್ಟ ಪತ್ರವೂ ಹೀಗೆಯೇ. ಓಡಿಹೋಗಿದ್ದ ಗುಲಾಮ ಒನೇಸಿಮನನ್ನು ಇನ್ನು ಮುಂದೆ ಸಹೋದರನಂತೆ ಬರಮಾಡಿಕೊಳ್ಳಬೇಕೆಂದು ಕೇಳುವಾಗ, ಆತನ ಸಾಲವೇನಾದರೂ ಇದ್ದರೆ ಅದನ್ನು ತಾನೇ ತೀರಿಸುವುದಾಗಿ ಪೌಲರು ಹೇಳುತ್ತಾರೆ. ಪ್ರೀತಿಗೆ ಬೆಲೆಯುಂಟು, ಅದನ್ನು ಕೊಡಲು ಅವರು ಸಿದ್ಧರಿದ್ದರು. ಮಕೆದೋನಿಯ, ಕೊರಿಂಥಗಳ ಸಭೆಗಳಿಂದ ಕಾಣಿಕೆ ಎತ್ತಿ, ತಾವು ಕಂಡೂ ಇಲ್ಲದ ಜೆರುಸಲೇಮಿನ ಬಡ ವಿಶ್ವಾಸಿಗಳಿಗೆ ಮುಟ್ಟಿಸಿದ್ದೂ ಅವರೇ.

ಎಲ್ಲರಿಗೂ ಒಳಿತು ಮಾಡಬೇಕು, ಅದರಲ್ಲಿಯೂ ವಿಶ್ವಾಸದ ಮನೆಯವರಿಗೆ ಎಂಬುದು ಗಲಾತ್ಯದವರಿಗೆ ಪೌಲರು ಕೊಟ್ಟ ಸಲಹೆ. 'ಎಲ್ಲರಿಗೂ' ಎಂಬುದು ಅಲ್ಲಿ ಮೊದಲು ಬರುತ್ತದೆ. ಆದ್ದರಿಂದ ಸಹವಿಶ್ವಾಸಿಯ ಮೇಲಿನ ಪ್ರೀತಿ ನೆರೆಯ ಹಿಂದೂ, ಮುಸ್ಲಿಮ್ ಬಂಧುಗಳ ಎದುರು ಕಟ್ಟುವ ಗೋಡೆಯಾಗಬಾರದು. ತನ್ನ ಮನೆಯಲ್ಲಿ ಪ್ರೀತಿಸಲು ಕಲಿತವನೇ ಬೀದಿಯಲ್ಲಿಯೂ ಪ್ರೀತಿಸಬಲ್ಲ.

ನಾವು ಮಾಡಬಹುದಾದದ್ದು

ಮೊದಲನೆಯದು, ತಿಳಿವಳಿಕೆ. ಜನಗಣತಿಯ ಪ್ರಶ್ನೆಗಳಿಗೆ ಉತ್ತರಿಸುವಾಗ ಧರ್ಮವನ್ನು ಅಂಜದೆ ಹೇಳಬೇಕು, ಮೂಲ ಸಮುದಾಯವನ್ನು ನಾಚದೆ ಹೇಳಬಹುದು ಎಂಬುದನ್ನು ಧರ್ಮಕೇಂದ್ರಗಳಲ್ಲಿ ತಿಳಿಸಬೇಕು. ಪ್ರವರ್ಗ 1, 3ಬಿಗಳ ವ್ಯತ್ಯಾಸವನ್ನು ಬಲ್ಲ ವಕೀಲರು, ಶಿಕ್ಷಕರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರ ಒಂದು ಭಾನುವಾರ ಒಳನಾಡಿನ ಒಂದು ಧರ್ಮಕೇಂದ್ರಕ್ಕೆ ಮೀಸಲಾಗಲಿ.

ಎರಡನೆಯದು, ಜೋಡಿ ಧರ್ಮಕೇಂದ್ರ. ಕರಾವಳಿಯ ಒಂದು ಧರ್ಮಕೇಂದ್ರವು ಬಯಲು ಸೀಮೆಯ ಒಂದು ಸಣ್ಣ ಕೇಂದ್ರದೊಡನೆ ನಂಟು ಬೆಳೆಸಬಹುದು. ಹಣ ಕಳುಹಿಸುವುದಷ್ಟೇ ನಂಟಲ್ಲ. ತೆನೆ ಹಬ್ಬಕ್ಕೆ ಅವರನ್ನು ಕರೆಯುವುದು, ಅವರ ಊರಿನ ಹಬ್ಬಕ್ಕೆ ನಾವು ಬಸ್ಸು ಮಾಡಿಕೊಂಡು ಹೋಗುವುದು, ಅವರ ಮಕ್ಕಳಿಗೆ ನಮ್ಮ ಕಾಲೇಜು ಮತ್ತು ಹಾಸ್ಟೆಲ್‌ಗಳಲ್ಲಿ ಜಾಗ ಕೊಡಿಸುವುದು, ಇವೆಲ್ಲ ಸೇರಿದರೆ ನಂಟು.

ಮೂರನೆಯದು, ನಮ್ಮದೇ ಚರ್ಚಿನ ಕೊನೆಯ ಬೆಂಚು. ಕಟ್ಟಡ ಕೆಲಸಕ್ಕೆ, ಮನೆಗೆಲಸಕ್ಕೆ, ನರ್ಸಿಂಗ್ ಕಲಿಯಲು ಒಳನಾಡಿನಿಂದ ಬಂದ ಕನ್ನಡ ಮಾತನಾಡುವ ಕ್ರೈಸ್ತರು ಕೊಂಕಣಿ ಬಲಿಪೂಜೆಯಲ್ಲಿ ಅರ್ಥವಾಗದೆ ಕುಳಿತಿರುತ್ತಾರೆ. ಅವರ ಹೆಸರು ಕೇಳಿ, ಮನೆಗೆ ಕರೆದು, ಮುಂದಿನ ಬೆಂಚಿಗೆ ಕರೆತರುವುದಕ್ಕೆ ಯಾವ ಸುತ್ತೋಲೆಯೂ ಬೇಕಾಗಿಲ್ಲ. ಸಾಧ್ಯವಿರುವ ಕಡೆ ತಿಂಗಳಿಗೊಂದು ಕನ್ನಡ ಬಲಿಪೂಜೆ, ಕನ್ನಡದಲ್ಲಿ ಪಾಪನಿವೇದನೆಗೆ ಅವಕಾಶ ಮಾಡಿಕೊಟ್ಟರೆ ಸಾಕು.

ನಾಲ್ಕನೆಯದೇ ಎಲ್ಲಕ್ಕಿಂತ ಕಷ್ಟದ್ದು: ಮದುವೆ ಮತ್ತು ಸಿಮಿತ್ರಿ. ಹುಡುಗ ಹುಡುಗಿ ಒಪ್ಪಿದ ಮೇಲೂ 'ಅವರು ಯಾವ ಪೈಕಿ?' ಎಂದು ಕೇಳುವುದನ್ನು ಹಿರಿಯರು ನಿಲ್ಲಿಸಿದ ದಿನ, ಯಾವ ಊರಿನಿಂದ ಬಂದ ಕೂಲಿಯ ಶವಕ್ಕೂ ನಮ್ಮ ಸಿಮಿತ್ರಿಯಲ್ಲಿ ಗೌರವದ ಜಾಗ ಸಿಕ್ಕಿದ ದಿನ, 'ನಮ್ಮಲ್ಲಿ ಜಾತಿ ಇಲ್ಲ' ಎಂದು ಗಟ್ಟಿಯಾಗಿ ಹೇಳುವ ಹಕ್ಕು ನಮ್ಮದಾಗುತ್ತದೆ.

ಸಮೀಕ್ಷೆಯ ವರದಿಯನ್ನು ಸರಕಾರಗಳು ಒಪ್ಪಬಹುದು, ಬಿಡಬಹುದು. ಆಯೋಗಗಳ ಅವಧಿ ಮುಗಿಯಬಹುದು, ಬೆಳೆಯಬಹುದು. ಅವು ನಮ್ಮ ಕೈಯಲ್ಲಿಲ್ಲ. ಆದರೆ ಮದ್ದೂರು, ಮಳವಳ್ಳಿ ಸೀಮೆಯ ಒಂಟಿ ಕ್ರೈಸ್ತ ಕುಟುಂಬವೊಂದು 'ನಮಗೂ ಅಣ್ಣತಮ್ಮಂದಿರಿದ್ದಾರೆ, ಕಷ್ಟ ಬಂದರೆ ಬರುತ್ತಾರೆ' ಎಂದು ಧೈರ್ಯದಿಂದ ಹೇಳುವಂತೆ ಮಾಡುವುದು ನಮ್ಮ ಕೈಯಲ್ಲಿದೆ. ಕಣ್ಣಿಗೆ ಕಾಣುವ ಸಹೋದರನನ್ನು ಪ್ರೀತಿಸಲು ಬೇಕಾದ ಮನಸ್ಸನ್ನೂ ಧೈರ್ಯವನ್ನೂ ದೇವರು ನಮ್ಮೆಲ್ಲರಿಗೂ ದಯಪಾಲಿಸಲಿ.